ಹನ್ನೆರಡನೆಯ ವಿಮಾನದ ರೆಕ್ಕೆ

ಎಡ ರೆಕ್ಕೆ ಇರಬೇಕಾದುದಕ್ಕಿಂತ ಒಂಬತ್ತು ಮಿಲಿಮೀಟರ್ ಉದ್ದವಿತ್ತು. ಬಲ ರೆಕ್ಕೆ ಒಂಬತ್ತೂವರೆ. ಕ್ಯಾಲಿಪರ್ ಹಿಡಿದು ಮೂರು ಸಲ ಅಳೆದೆ. ಎಪ್ಪತ್ತೆರಡರಲ್ಲಿ ಒಂದು ಪಾಲಿನ ಮಾದರಿಯಲ್ಲಿ ಒಂಬತ್ತು ಮಿಲಿಮೀಟರ್ ಎಂದರೆ ನಿಜವಾದ ವಿಮಾನದಲ್ಲಿ ಸುಮಾರು ಅರವತ್ತೈದು ಸೆಂಟಿಮೀಟರ್. ಅಷ್ಟು ದೊಡ್ಡ ವ್ಯತ್ಯಾಸ ಕೈತಪ್ಪಿ ಆಗುವುದಿಲ್ಲ, ಅದೂ ಎರಡು ಕಡೆಯೂ ಹೆಚ್ಚು ಕಡಿಮೆ ಒಂದೇ ಸಮನಾಗಿ. ಯಾರು ಸೇರಿಸಿದರು, ಏಕೆ ಸೇರಿಸಿದರು ಎಂದು ನಾನು ಆಗಲೇ ಕೇಳಬೇಕಿತ್ತು. ನೋಟ್‌ಬುಕ್ಕಿನಲ್ಲಿ ಎರಡೂ ಅಂಕಿಗಳನ್ನು ಬರೆದು, ಪಕ್ಕದಲ್ಲಿ ‘ತಪ್ಪು’ ಎಂದು ಗುರುತು ಹಾಕಿದೆ.

ನಾನು ಕೆಲಸ ಮಾಡುವುದು ಚೆನ್ನೈನ ಅಂಬತ್ತೂರಿನ ಒಂದು ಸಣ್ಣ ಕಾರ್ಯಾಗಾರದಲ್ಲಿ. ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳ ಚಿಕ್ಕ ಮಾದರಿಗಳನ್ನು ಮಾಡಿಕೊಡುವುದು ನಮ್ಮ ಮುಖ್ಯ ಕಸುಬು. ವಿಮಾನಗಳು ನಮ್ಮ ಮಾಲೀಕರ ಪ್ರೀತಿ. ಆ ವರ್ಷ ತಾಂಬರಂನ ಒಂದು ಹಳೆಯ ಶಾಲೆಯಿಂದ ಒಂದು ಪೆಟ್ಟಿಗೆ ಬಂತು. ಒಳಗೆ ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿದ ಹನ್ನೆರಡು ಮರದ ವಿಮಾನಗಳು. ಎಲ್ಲವೂ ಕಪ್ಪು. ಕಿಟಕಿಯಿಲ್ಲ, ಚಕ್ರವಿಲ್ಲ, ಯಾವ ದೇಶದ ಗುರುತೂ ಇಲ್ಲ.

ಇವು ಆಟಿಕೆಗಳಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಆಕಾಶ ಕಾಯುವವರಿಗೆ ತರಬೇತಿ ಕೊಡಲು ಇಂಥವನ್ನು ಕೆತ್ತಿಸುತ್ತಿದ್ದರು. ದೂರದ ವಿಮಾನದ ಬಣ್ಣ ಕಾಣುವುದಿಲ್ಲ, ಆಕಾರವಷ್ಟೇ ಕಾಣುತ್ತದೆ. ಅದಕ್ಕೇ ಕಪ್ಪು. ಮಾದರಿಯನ್ನು ಮೂವತ್ತೈದು ಅಡಿ ದೂರದಲ್ಲಿ ಹಿಡಿದರೆ ಅರ್ಧ ಮೈಲಿ ಆಚೆಯ ವಿಮಾನ ಕಣ್ಣಿಗೆ ಬಿದ್ದಂತೆ. ನಮ್ಮದೋ ಅವರದೋ ಎಂದು ಕೆಲವೇ ಕ್ಷಣಗಳಲ್ಲಿ ಹೇಳಬೇಕು. ಇಂದು ಪ್ಲಾಸ್ಟಿಕ್ ಕಿಟ್ ಜೋಡಿಸುವವರು ಹೆಚ್ಚಾಗಿ ಬಳಸುವ ಎಪ್ಪತ್ತೆರಡರ ಅಳತೆ ಜಗತ್ತಿನಲ್ಲೆಲ್ಲ ನೆಲೆಯೂರಿದ್ದರಲ್ಲಿ ಈ ಕಪ್ಪು ವಿಮಾನಗಳ ಪಾಲು ದೊಡ್ಡದು. ನಾನು ದಿನವೂ ಕೈಯಲ್ಲಿ ಹಿಡಿಯುವ ಅಳತೆಗೆ ಭಯದ ಹಿನ್ನೆಲೆ ಇದೆ ಎಂಬುದು ನನಗೆ ಓದಿ ಗೊತ್ತಿತ್ತು, ಅಷ್ಟೆ.

ಈ ಹನ್ನೆರಡನ್ನು ಕೆತ್ತಿದವರು ಆ ಶಾಲೆಯ ಮರಗೆಲಸದ ಮೇಷ್ಟ್ರು. ಉಡುಪಿ ಕಡೆಯವರು. ಅಣ್ಣಂದಿರು ಮದರಾಸಿನಲ್ಲಿ ಹೋಟೆಲ್ ನಡೆಸುತ್ತಿದ್ದರೆ ಇವರು ಉಳಿ ಹಿಡಿದರು. ಅವರ ಮಗಳಿಗೆ ಈಗ ಎಂಬತ್ತರ ಹತ್ತಿರ, ಅಣ್ಣಾ ನಗರದಲ್ಲಿರುತ್ತಾರೆ. ಪೆಟ್ಟಿಗೆಯನ್ನು ಶಾಲೆಗೆ ಕೊಟ್ಟವರು ಅವರೇ. ಶಾಲೆಯವರು ಒಂದು ಗಾಜಿನ ಬೀರು ಮಾಡಿಸಿ, ಮೇಷ್ಟ್ರ ಹೆಸರಿನಲ್ಲಿ ಇಡುವುದೆಂದು ತೀರ್ಮಾನಿಸಿದ್ದರು. ಯಾವ ವಿಮಾನ ಯಾವುದೆಂದು ಗುರುತಿಸಿ ಕಾರ್ಡು ಬರೆಯುವ ಹೊಣೆ ಒಬ್ಬ ನಿವೃತ್ತ ಎಂಜಿನಿಯರ್ ಅವರದು. ವಿಮಾನಗಳ ಚರಿತ್ರೆ ಅವರ ನಾಲಿಗೆಯ ತುದಿಯಲ್ಲಿತ್ತು.

ಮೊದಲ ದಿನ ನಾವು ಮೂವರೂ ಶಾಲೆಯ ಗ್ರಂಥಾಲಯದಲ್ಲಿ ಸೇರಿದ್ದೆವು. ಎಂಜಿನಿಯರ್ ಒಂದೊಂದನ್ನೇ ಎತ್ತಿ ಹೆಸರು ಹೇಳುತ್ತ ಹೋದರು. ಹನ್ನೊಂದಕ್ಕೂ ಹೆಸರಿತ್ತು. ಹನ್ನೆರಡನೆಯದನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಕನ್ನಡಕ ತೆಗೆದು ಮತ್ತೆ ನೋಡಿದರು.

“ಮೈ ನೋಡಿದರೆ ಜಪಾನಿ ಬಾಂಬರ್, ಎರಡು ಎಂಜಿನ್ನಿನದು. ಆದರೆ ರೆಕ್ಕೆ ನೋಡಿ, ಕತ್ತಿಯ ಹಾಗೆ ಚೂಪು. ಅದರದ್ದು ದುಂಡು ತುದಿ. ಇಂಥ ವಿಮಾನ ಪ್ರಪಂಚದಲ್ಲಿ ಇರಲೇ ಇಲ್ಲಮ್ಮ” ಎಂದು ತಮಿಳಿನಲ್ಲಿ ಹೇಳಿ, “ಇದನ್ನು ಬಿಟ್ಟುಬಿಡೋಣ. ಬಂದವರು ನೋಡಿ ನಕ್ಕರೆ ಮೇಷ್ಟ್ರಿಗೇ ಅವಮಾನ” ಎಂದರು.

ಮೇಷ್ಟ್ರ ಮಗಳಿಗೆ ತಮಿಳು ಚೆನ್ನಾಗಿ ಬರುತ್ತಿತ್ತು, ಆದರೆ ನನ್ನ ಕಡೆ ತಿರುಗಿ ಕನ್ನಡದಲ್ಲೇ ಅಂದರು: “ಹನ್ನೆರಡೂ ಇಡುವುದಾದ್ರೆ ಇಡ್ಲಿ. ಇಲ್ಲದಿದ್ರೆ ಪೆಟ್ಟಿಗೆ ಕೊಟ್ಬಿಡ್ಲಿ, ಆಟೋ ಹೊರಗೇ ಉಂಟು ಅಂತ ಅವರಿಗೆ ಹೇಳು ಮಗಾ.”

ನಾನು ಮೆದುಗೊಳಿಸಿ ಹೇಳಿದೆ. ಎಂಜಿನಿಯರ್ ಕೆಟ್ಟವರಲ್ಲ. “ದುರಸ್ತಿ ಮಾಡುವಾಗ ನೀವೇ ನೋಡಿ. ಏನಾದರೂ ಕಾರಣ ಸಿಕ್ಕರೆ, ಅದಕ್ಕೊಂದು ಹೆಸರು ಕೊಡಲು ಸಾಧ್ಯವಾದರೆ, ನನ್ನದೇನೂ ಅಡ್ಡಿಯಿಲ್ಲ” ಎಂದರು. ಹನ್ನೆರಡನೆಯದು ಬೀರುವಿನೊಳಗೆ ಹೋಗುತ್ತದೋ ಇಲ್ಲವೋ ಎಂಬುದು ಹೀಗೆ ನನ್ನ ಮೇಜಿನ ಮೇಲೆ ಬಂದು ಕೂತಿತು.

ಹನ್ನೊಂದರ ಕೆಲಸ ಸುಲಭವಾಗಿತ್ತು. ಧೂಳು ತೆಗೆಯುವುದು, ಗೆದ್ದಲು ಕೊರೆದ ಎರಡು ಬಾಲಗಳಿಗೆ ಗಟ್ಟಿತನ ಕೊಡುವುದು, ಬಣ್ಣ ಎದ್ದಿರುವಲ್ಲಿ ಕೂರಿಸುವುದು. ಆ ಬಣ್ಣ ಅರಗಿನಲ್ಲಿ ದೀಪದ ಕಾಡಿಗೆ ಕಲಸಿದ್ದು. ಹತ್ತಿಗೆ ಸ್ಪಿರಿಟ್ ಹಾಕಿ ಮುಟ್ಟಿದರೆ ಕರಗುತ್ತದೆ, ಆದ್ದರಿಂದ ನೀರನ್ನಷ್ಟೇ ಬಳಸಿದೆ. ಮೇಷ್ಟ್ರ ಕೈ ಎಂಥದೆಂದು ಆ ಹತ್ತು ದಿನಗಳಲ್ಲಿ ತಿಳಿಯಿತು. ರೆಕ್ಕೆಯ ಮುಂಭಾಗದಿಂದ ಹಿಂಭಾಗಕ್ಕೆ ಇಳಿಯುವ ಬಾಗು ಎಡಕ್ಕೂ ಬಲಕ್ಕೂ ಒಂದೇ. ಹನ್ನೊಂದರಲ್ಲಿ ಎಲ್ಲಿಯೂ ನನಗೆ ಅರ್ಧ ಮಿಲಿಮೀಟರಿನ ವ್ಯತ್ಯಾಸ ಸಿಗಲಿಲ್ಲ.

ಅಂಥ ಕೈಯವರು ಹನ್ನೆರಡನೆಯದರಲ್ಲಿ ಎಡವಿದ್ದಾರೆಂದು ನಂಬುವುದು ಕಷ್ಟವಾಗಿತ್ತು. ಹಾಗಾಗಿ ಬೇರೆ ಯಾರೋ ಕೈಯಾಡಿಸಿದ್ದಾರೆಂದು ನಂಬಿದೆ. ತುದಿಯ ಬಣ್ಣವನ್ನು ಒಂದು ಸಾಸಿವೆಯಷ್ಟು ಜಾಗದಲ್ಲಿ ಕರಗಿಸಿ ನೋಡಿದಾಗ ಕೆಳಗೆ ಮರವಿರಲಿಲ್ಲ. ಮರದ ಹುಡಿಯನ್ನು ಮರವಜ್ರದಲ್ಲಿ ಕಲಸಿ ಮೆತ್ತಿದ್ದರು. ಮರವಜ್ರ ಎಂದರೆ ಚರ್ಮ, ಮೂಳೆ ಬೇಯಿಸಿ ಮಾಡುವ ಹಳೆಯ ಕಾಲದ ಅಂಟು. ಮೆತ್ತಿದ್ದು ಒಂದು ಪದರವಲ್ಲ, ಮೂರು. ಒಂದು ಕೆಂಪು, ಒಂದು ಹಳದಿ, ಹೊರಗಿನದು ಕಂದು. ಬೇರೆ ಬೇರೆ ಮರದ ಹುಡಿ, ಬೇರೆ ಬೇರೆ ದಿನದ ಕೆಲಸ. ನೋಟ್‌ಬುಕ್ಕಿನಲ್ಲಿ ಬರೆದೆ: ‘ಮುರಿದ ತುದಿಗೆ ಮೂರು ಬಾರಿ ದುರಸ್ತಿ. ಒರಟು ಕೆಲಸ. ಮೂಲದ್ದಲ್ಲ.’

ಈಗ ಓದಿದರೆ ಆ ಮೂರು ವಾಕ್ಯಗಳಲ್ಲಿ ‘ಮೂರು’ ಎಂಬ ಅಂಕಿಯೊಂದೇ ನಿಜ.

ನಮ್ಮ ಮಾಲೀಕರು ತಮಿಳರು. ಕೆಲವು ವರ್ಷ ಬೆಂಗಳೂರಿನಲ್ಲಿದ್ದವರು, ನನ್ನೊಂದಿಗೆ ಹುರುಪಿನಿಂದ ಮುರುಕು ಕನ್ನಡ ಆಡುತ್ತಾರೆ. ಅವರಿಗೆ ಹೇಳಿದೆ: ಮೆತ್ತಿದ್ದನ್ನು ತೆಗೆದರೆ ಕೆಳಗೆ ಮೂಲದ ತುದಿ ಸಿಗಬಹುದು, ವಿಮಾನಕ್ಕೆ ಹೆಸರೂ ಸಿಗುತ್ತದೆ.

“ಸಂತೋಷಂ! ಆ ಪಾಟಿಗೂ ಖುಷಿ, ಎಂಜಿನಿಯರ್ ಸಾರ್‌ಗೂ ಖುಷಿ. ಮಾಡಮ್ಮಾ” ಎಂದರು. ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ, ಅವರು ಹೇಳಿದ್ದು ಮೇಷ್ಟ್ರ ಮಗಳನ್ನು.

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಎಡ ತುದಿಯ ಮೇಲೆ ಇಟ್ಟು ಕಾದೆ. ಮರವಜ್ರ ಬಿಸಿಗೂ ನೀರಿಗೂ ಸಡಿಲವಾಗುತ್ತದೆ. ಮುಕ್ಕಾಲು ಗಂಟೆಯ ನಂತರ ತೆಳ್ಳನೆಯ ಅಲಗಿನಿಂದ ಎಬ್ಬಿಸಿದಾಗ ತುದಿ ಇಡಿಯಾಗಿ, ಹಕ್ಕಿಯ ಕೊಕ್ಕಿನಂತೆ ಕಳಚಿ ಬಂತು. ತೆಗೆದದ್ದನ್ನು ಎಸೆಯಬಾರದೆಂಬುದು ನಮ್ಮ ನಿಯಮ. ಚೀಟಿ ಹಾಕಿ ಸಣ್ಣ ಪೊಟ್ಟಣದಲ್ಲಿಟ್ಟೆ. ಬಲ ತುದಿ ಹಾಗೆ ಬರಲಿಲ್ಲ. ಅದರೊಳಗೆ ಬಿರುಕಿತ್ತು, ಮೊದಲ ಒತ್ತಿಗೇ ಪುಡಿಯಾಯಿತು. ಉಳಿದದ್ದನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದೆ. ಕಂದು ಹುಡಿ, ಹಳದಿ ಹುಡಿ, ಕೆಂಪು ಹುಡಿ ಒಂದಾಗಿ ಮೇಜಿನ ಮೇಲೆ ಬಿತ್ತು. ಅದನ್ನು ಬಟ್ಟೆಯಿಂದ ಒರೆಸಿದೆ. ಅಲ್ಲಿ ನಿಯಮ ಮರೆತೆ.

ಕೆಳಗೆ ಸಿಕ್ಕಿದ್ದು ಮೊಂಡಾಗಿ ಕತ್ತರಿಸಿದ ಮರ, ದುಂಡು ತುದಿಯಲ್ಲ. ಅಲ್ಲಾದರೂ ನಿಲ್ಲಬಹುದಿತ್ತು. ಯುದ್ಧದ ನಂತರ ಪ್ರಕಟವಾದ ನಕ್ಷೆಯನ್ನು ಅದೇ ಅಳತೆಗೆ ಮುದ್ರಿಸಿಕೊಂಡು, ಎರಡೂ ಬದಿಯ ಮರವನ್ನು ಅದಕ್ಕೆ ಸರಿಯಾಗಿ ದುಂಡು ಮಾಡಿದೆ. ಕಾಡಿಗೆ, ಅರಗು ಕಲಸಿ ಬಣ್ಣ ಹಚ್ಚಿದೆ. ಫೋಟೋ ಕಳಿಸಿದಾಗ ಎಂಜಿನಿಯರ್ ಫೋನ್ ಮಾಡಿ, “ಭೇಷ್! ಈಗ ಇದೊಂದು ವಿಮಾನ” ಎಂದರು. ನನಗೆ ಹೆಮ್ಮೆಯಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಬೀರು ತೆರೆಯಲು ಐದು ದಿನವಿತ್ತು. ಮೇಷ್ಟ್ರ ಕಾಲದ ಕಾಗದಪತ್ರ ಏನಾದರೂ ಇದ್ದರೆ ಮಾದರಿಗಳ ಜೊತೆ ಇಡಬಹುದೆಂದು ಎಂಜಿನಿಯರ್ ಹೇಳಿದ್ದರಿಂದ ಅಣ್ಣಾ ನಗರಕ್ಕೆ ಹೋದೆ. ಮಗಳು ಕಾಫಿ ಕೊಟ್ಟು, ಒಳಗಿನಿಂದ ಟೇಪು ಕಟ್ಟಿದ ಒಂದು ಕಡತ ತಂದರು.

“ನೀನು ಮೈಸೂರಿನವಳಲ್ವಾ? ಕಾಫಿ ಸಪ್ಪೆ ಅಂತ ಮನಸ್ಸಲ್ಲೇ ಬೈತಿರ್ತಿ. ನಮ್ಮನೆಯಲ್ಲಿ ಹೋಟೆಲು ಮುಚ್ಚಿದ ಮೇಲೆ ಡಿಕಾಕ್ಷನ್ನೂ ಸತ್ತಿತು ಮಾರಾಯ್ತಿ.”

“ಇಲ್ಲ ಅಮ್ಮ, ಚೆನ್ನಾಗಿದೆ” ಎಂದೆ.

“ಸುಳ್ಳು ಹೇಳ್ಲಿಕ್ಕೂ ಬರುದಿಲ್ಲ ನಿಂಗೆ” ಎಂದು ನಕ್ಕರು.

ಕಡತದಲ್ಲಿದ್ದದ್ದು ರಟ್ಟಿನ ಅಚ್ಚುಗಳು. ಕೆತ್ತುವಾಗ ಆಗಾಗ ಮರಕ್ಕೆ ತಾಗಿಸಿ ಆಕಾರ ಸರಿಯಿದೆಯೇ ಎಂದು ನೋಡಲು ಕತ್ತರಿಸಿಕೊಂಡವು. ಹನ್ನೊಂದು ಜೊತೆ ಅಚ್ಚುಗಳ ಮೇಲೆ ಸರ್ಕಾರ ಕಳಿಸಿದ ಮುದ್ರಿತ ನಕ್ಷೆ ಅಂಟಿಸಿತ್ತು. ಹನ್ನೆರಡನೆಯದರ ಮೇಲೆ ಮುದ್ರಿತವಾದದ್ದು ಏನೂ ಇರಲಿಲ್ಲ. ಪೆನ್ಸಿಲಿನ ಗೆರೆಗಳಷ್ಟೇ. ರೆಕ್ಕೆಯ ತುದಿಯಲ್ಲಿ ಒಂದರಾಚೆ ಒಂದು ಮೂರು ಗೆರೆ. ಪ್ರತಿಯೊಂದರ ಪಕ್ಕದಲ್ಲಿ ಸಣ್ಣ ಕನ್ನಡ ಅಕ್ಷರ. ಮೊದಲ ಗೆರೆಗೆ: ‘ಇನ್ನೂ ಉದ್ದ ಎಂದಳು.’ ಎರಡನೆಯದಕ್ಕೆ: ‘ಇನ್ನೂ ಚೂಪು.’ ಮೂರನೆಯದಕ್ಕೆ: ‘ಇದೇ. ಸಾಕು ಎಂದಳು.’

ಯಾರು ಎಂದಳು ಎಂದು ಕೇಳಿದೆ.

“ಅತ್ತೆ. ಅಪ್ಪನ ತಂಗಿ.” ಅವರು ರಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. “ರಂಗೂನಿನಲ್ಲಿ ಮಾವನದ್ದು ಕಾಫಿ ಹೋಟೆಲು. ಜಪಾನಿನವರ ಬಾಂಬು ಬಿದ್ದದ್ದು ಬೆಳಿಗ್ಗೆ. ಮಾವ ಗಲ್ಲಾಪೆಟ್ಟಿಗೆ ಹತ್ರ ಕೂತಿದ್ರಂತೆ. ಅತ್ತೆ ಬಟ್ಟೆ ಒಣಗಿಸ್ಲಿಕ್ಕೆ ಎದುರಿದ್ದ ಮನೆಯ ಮಾಳಿಗೆಗೆ ಹೋದವಳು, ವಿಮಾನ ಮೇಲೆ ಹೋಗುದನ್ನು ಕಂಡಳು. ಕೆಳಗೆ ಇಳಿದು ಬರುವಾಗ ಹೋಟೆಲೂ ಇಲ್ಲ, ಮಾವನೂ ಇಲ್ಲ. ಅಲ್ಲಿಂದ ಸುಮಾರು ದಾರಿ ನಡೆದೇ ಬಂದದ್ದು. ಮದರಾಸಿಗೆ ಬಂದು ಆರು ತಿಂಗಳು ಮಾತೇ ಆಡ್ಲಿಲ್ಲ ಅಂತೆ.”

“ಆಮೇಲೆ?”

“ಅಪ್ಪ ಮನೆಯಲ್ಲಿ ಕೂತು ಇದನ್ನೆಲ್ಲ ಕೆತ್ತುವಾಗ ಹತ್ತಿರ ಬಂದು ಕೂರ್ತಿದ್ದಳು. ಒಂದಿವಸ ಬೆರಳು ಇಟ್ಟು ಹೇಳಿದಳಂತೆ, ಹೀಗಲ್ಲ, ಉದ್ದ ಇತ್ತು ಅಂತ. ಅದೇ ಅವಳ ಮೊದಲ ಮಾತು. ಅಪ್ಪ ಮರದ ಹುಡಿ ಮೆತ್ತಿದ್ರು. ಒಣಗಿದ ಮೇಲೆ ತೋರಿಸಿದ್ರು. ಅಲ್ಲ, ಇನ್ನೂ ಚೂಪು ಅಂದಳು. ಮತ್ತೆ ಮೆತ್ತಿದ್ರು. ಹಾಗೆ ಮೂರು ಸಲ.”

ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ದೂಷಿಸುವಂತಿತ್ತು, ಈಗಲೂ ನಾಚಿಕೆಯಾಗುತ್ತದೆ.

“ಆ ಎಂಜಿನಿಯರು ಇಂಥದ್ದು ಪ್ರಪಂಚದಲ್ಲೇ ಇಲ್ಲ ಅಂದಾಯ್ತಲ್ಲ. ಆಮೇಲೆ ಎಂತ ಹೇಳುದು? ಅತ್ತೆಯನ್ನು ಅಲ್ಲಿ ತಂದು ನಿಲ್ಲಿಸಿ, ಅವಳು ಕಂಡದ್ದಕ್ಕೂ ತಪ್ಪು ಹಾಕಿಸ್ಬೇಕಾ? ವಿಮಾನ ಒಂದು ಅಲ್ಲಿ ಇದ್ರೆ ಸಾಕು ಅಂತ ಸುಮ್ಮನಾದೆ.” ಕಡತಕ್ಕೆ ಟೇಪು ಕಟ್ಟುತ್ತ, “ಇನ್ನೈದು ದಿನ. ನೋಡ್ಲಿಕ್ಕೆ ನಾನೂ ಬರ್ತೆ” ಎಂದರು.

ತುದಿಗಳನ್ನು ತೆಗೆದಿದ್ದೇನೆಂದು ನಾನು ಅಂದು ಹೇಳಲಿಲ್ಲ. ಕಾಫಿ ಲೋಟವನ್ನು ತೊಳೆಯುವ ಜಾಗದಲ್ಲಿ ಇಟ್ಟು ಹೊರಟುಬಂದೆ.

ಮರುದಿನ ಮಾಲೀಕರಿಗೆ ಹೇಳಿದೆ. ಅವರು ಕೇಳಿ, ಮಾದರಿಯನ್ನೂ ಪೊಟ್ಟಣವನ್ನೂ ಎದುರಿಗಿಟ್ಟುಕೊಂಡು, ಎಡ ತುದಿಯನ್ನು ರೆಕ್ಕೆಗೆ ಹಿಡಿದು ನೋಡಿದರು.

“ಕಾಲೇಜ್ ಓದಿದವರ ಕೈಗೆ ಉಪ್ಪುಕಾಗದ ಕೊಡಬಾರದು ಅಂತ ನಮ್ಮ ಅಪ್ಪ ಹೇಳ್ತಿದ್ದರು. ಸರಿ, ಆದದ್ದು ಆಯ್ತು. ಎಡದ್ದು ಇದೆ ತಾನೆ? ಅದನ್ನ ಅಂಟಿಸು. ಅದನ್ನೇ ನೋಡಿ ಬಲದ್ದು ಒಂದು ಮಾಡು. ಹುಡಿ ಇದೆ, ಮರವಜ್ರ ಇದೆ, ನಿನ್ನ ಕೈ ಇದೆ. ಯಾರಿಗಮ್ಮಾ ತಿಳಿಯುತ್ತೆ?”

“ನನಗೆ ಸಾರ್.”

“ನಿನಗೆ ತಿಳಿದರೆ ಪರವಾಗಿಲ್ಲಮ್ಮಾ, ಆ ಪಾಟಿಗೆ ತಿಳಿಯಬಾರದು. ಎಂಬತ್ತು ವಯಸ್ಸು. ಯಾಕೆ ನೋಯಿಸಬೇಕು? ಅದು ಕೂಡ ಪಾಪ ತಾನೆ?”

ಅವರ ಮಾತಿನಲ್ಲಿ ಕರುಣೆಯಿತ್ತು. ನನ್ನನ್ನು ಉಳಿಸುವ ಇಚ್ಛೆಯೂ ಇತ್ತು. ನನಗೆ ಒಪ್ಪಬೇಕೆನಿಸಿತು. ಕೆಂಪಿಗೆ ಹೊನ್ನೆಮರದ ಹುಡಿ, ಹಳದಿಗೆ ಹಲಸಿನ ಹುಡಿ, ಕಂದಿಗೆ ತೇಗದ ಹುಡಿ ಎಲ್ಲ ಆರಿಸಿ ಬಟ್ಟಲುಗಳಲ್ಲಿ ತೆಗೆದಿಟ್ಟೆ. ಅಂಟನ್ನು ಬಿಸಿಗೆ ಇಟ್ಟೆ. ಎಡ ತುದಿಯ ಕಳಚಿದ ಮುಖದಲ್ಲಿ ಪದರಗಳನ್ನು ಭೂತಗನ್ನಡಿಯಲ್ಲಿ ನೋಡಿದೆ, ಅಳತೆ ತೆಗೆಯಲೆಂದು. ಹಳದಿ ಚಕ್ಕೆ ಎದ್ದಿದ್ದ ಕಡೆ, ಕೆಂಪು ಪದರದ ಮೇಲೆ ಒಂದು ತಗ್ಗಿತ್ತು. ಅಂಟು ಇನ್ನೂ ಹಸಿಯಿದ್ದಾಗ ಯಾರೋ ಬೆರಳಿಟ್ಟು ಒತ್ತಿ, ಆಚೆಗೆ ಎಳೆದಂತೆ. ಬೆರಳು ಸಣ್ಣದು. ಅದು ಮೇಷ್ಟ್ರದ್ದೋ ತಂಗಿಯದ್ದೋ ನನಗೆ ಗೊತ್ತಿಲ್ಲ, ಗೊತ್ತೆಂದು ಹೇಳುವುದೂ ಇಲ್ಲ. ಆದರೆ ಅಂಥದ್ದನ್ನು ನಾನು ಮಾಡಿ ಸೇರಿಸುವಂತಿಲ್ಲ ಎಂಬುದು ಮಾತ್ರ ಅಲ್ಲಿ ನಿಶ್ಚಯವಾಯಿತು. ಒಲೆ ಆರಿಸಿದೆ. ಮಾದರಿಯನ್ನೂ ಪೊಟ್ಟಣವನ್ನೂ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟು, ಮಾಲೀಕರಿಗೆ ಹೋಗಿಬರುತ್ತೇನೆ ಎಂದೆ. ಎಲ್ಲಿಗೆಂದು ಅವರು ಕೇಳಲಿಲ್ಲ. “ಬಸ್ಸಿನಲ್ಲಿ ಬೇಡ, ಆಟೋ ಹಿಡಿ” ಎಂದರು.

ಅಣ್ಣಾ ನಗರದ ಮನೆಯಲ್ಲಿ ಡಬ್ಬಿ ತೆರೆದಿಟ್ಟೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿದೆ: ಅಳತೆ, ನಂಬಿಕೆ, ಬಿಸಿನೀರು, ಉಪ್ಪುಕಾಗದ, ಒರೆಸಿದ ಬಟ್ಟೆ. ಮಾಲೀಕರ ಸಲಹೆಯನ್ನು ಹೇಳಲಿಲ್ಲ, ಅದು ಅವರದು.

ಅವರು ದುಂಡಾದ ಬಲ ತುದಿಯ ಮೇಲೆ ಹೆಬ್ಬೆರಳು ಆಡಿಸಿದರು. ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ನಲ್ಲಿ ಹರಿಯುವ ಸದ್ದು ಕೇಳಿತು, ನಿಂತಿತು. ಬಹಳ ಹೊತ್ತಿನ ನಂತರ ಬಂದು ಅದೇ ಕುರ್ಚಿಯಲ್ಲಿ ಕೂತರು.

“ಮನೆಯಲ್ಲಿ ಎಲ್ಲರೂ ಅತ್ತೆಗೆ ಅದೇ ಹೇಳಿದ್ದು. ದೊಡ್ಡಪ್ಪಂದಿರು, ಪೊಲೀಸಿನವ, ಯಾರೋ ಡಾಕ್ಟ್ರು. ಹೆದರಿಕೆಯಲ್ಲಿ ಕಂಡದ್ದು ಸರಿ ಇರುದಿಲ್ಲ ಅಂತ. ಅಪ್ಪ ಒಬ್ರು ಮಾತ್ರ ಹಾಗೆ ಹೇಳ್ಲಿಲ್ಲ.” ದುಂಡು ತುದಿಯನ್ನೇ ನೋಡುತ್ತ, “ಈಗ ನೀನೂ ಹೇಳಿದೆ” ಎಂದರು.

“ಹೌದಮ್ಮ” ಎಂದೆ.

“ಬೈಬೇಕು ಅಂತ ಒಳಗೆ ಹೋಗಿ ಮಾತು ಹುಡುಕಿದೆ. ಸಿಗ್ಲಿಲ್ಲ.” ಪೊಟ್ಟಣ ಬಿಚ್ಚಿ ಎಡ ತುದಿಯನ್ನು ಅಂಗೈಯಲ್ಲಿ ಇಟ್ಟುಕೊಂಡರು. “ಇದನ್ನು ಅದರ ಜಾಗಕ್ಕೆ ಅಂಟಿಸು. ಬಲದ್ದು ಹೊಸತು ಮಾಡ್ಬೇಡ. ಇದ್ದದ್ದು ಹೋಯ್ತು, ಹೋದ ಹಾಗೇ ಇರ್ಲಿ. ಆದ್ರೆ ಬೀರುವಿನ ಒಳಗೇ ಇರ್ಬೇಕು. ಅದೊಂದು ನೀನು ಮಾಡಿಕೊಡ್ಬೇಕು.”

ಎಡ ಬದಿಯಲ್ಲಿ ನಾನು ದುಂಡು ಮಾಡಿದ್ದ ಮರಕ್ಕೂ ಆ ತುದಿಗೂ ಈಗ ಹೊಂದಿಕೆ ತಪ್ಪಿತ್ತು. ನಡುವಿನ ಖಾಲಿಯನ್ನು ಬಣ್ಣ ಹಚ್ಚದ ಬಿಳಿ ಮರದ ಚೂರಿನಿಂದ ತುಂಬಿದೆ. ಅದು ನನ್ನ ಕೆಲಸವೆಂದು ಯಾರಿಗಾದರೂ ಕಾಣಲಿ ಎಂದು. ಮೇಷ್ಟ್ರು ಬಳಸಿದ ಅಂಟನ್ನೇ ಬಳಸಿದೆ, ನಾಳೆ ಇನ್ನೊಬ್ಬರು ನನ್ನದನ್ನು ಬಿಡಿಸಬೇಕೆಂದರೆ ಬಿಸಿನೀರು ಸಾಕಾಗುವಂತೆ. ಎರಡು ದಿನ ದಾರದಿಂದ ಬಿಗಿದು ಒಣಗಿಸಿದೆ. ಬಿಚ್ಚಿದಾಗ ಒಂದು ರೆಕ್ಕೆ ಕತ್ತಿಯಂತೆ, ಇನ್ನೊಂದು ಚಮಚದಂತೆ ಇತ್ತು. ನಮ್ಮ ಕಾರ್ಯಾಗಾರದಿಂದ ಅಷ್ಟು ವಿಕಾರವಾದ ಕೆಲಸ ಹೊರಗೆ ಹೋದದ್ದಿಲ್ಲ.

ಸಂಜೆ ಎಂಜಿನಿಯರ್‌ಗೆ ಫೋನ್ ಮಾಡಿದೆ. ಪೂರ್ತಿ ಕೇಳಿದರು. “ನಕ್ಷೆಯ ಪ್ರಕಾರ ದುಂಡೇ ಅಮ್ಮ, ಅದರಲ್ಲಿ ಸಂದೇಹವಿಲ್ಲ” ಎಂದರು.

“ಗೊತ್ತು ಸಾರ್. ನಕ್ಷೆ ಕಾಗದದ ಮೇಲೆ ಬಿಡಿಸಿದವರದ್ದು. ಇದು ಕೆಳಗೆ ನಿಂತು ನೋಡಿದವರದ್ದು. ಇಂಥ ಮಾದರಿಗಳನ್ನು ಮಾಡಿದ್ದೇ ಕೆಳಗೆ ನಿಂತು ನೋಡುವವರಿಗಾಗಿ ಅಲ್ಲವೇ?”

ಅವರು ನಕ್ಷೆಯ ಮಾತು ಬಿಟ್ಟು ಕೇಳಿದರು: “ಕಾರ್ಡಿನ ಮೇಲೆ ಏನಂತ ಬರೆಯುವುದು? ಆ ಅಮ್ಮನ ಹೆಸರಾದರೂ ಗೊತ್ತೇ?”

ಗೊತ್ತಿರಲಿಲ್ಲ. ಇಷ್ಟೆಲ್ಲ ಆದರೂ ನಾನು ಅದನ್ನು ಕೇಳಿರಲಿಲ್ಲ. “ಹನ್ನೆರಡನೆಯ ಕಾರ್ಡನ್ನು ನೀವೇ ಬರೆದು ತನ್ನಿ” ಎಂದು ಅವರು ಫೋನ್ ಇಟ್ಟರು.

ಮರುದಿನ ಬೆಳಿಗ್ಗೆ ಅಣ್ಣಾ ನಗರಕ್ಕೆ ಫೋನ್ ಮಾಡಿ ಅತ್ತೆಯ ಹೆಸರು ಕೇಳಿದೆ. “ನಾವು ಅತ್ತೆ ಅಂತಲೇ ಕರೆದದ್ದು” ಎಂದವರು, ಹೆಸರನ್ನು ಎರಡು ಸಲ ಬಿಡಿಸಿ ಹೇಳಿದರು. ನಾನು ಕಾರ್ಡು ತೆಗೆದು ಮೊದಲು ಆ ಹೆಸರು ಬರೆದೆ. ಅದರ ಕೆಳಗೆ, ಅವರು ರಂಗೂನಿನ ಮಾಳಿಗೆಯಿಂದ ಕಂಡಂತೆ ಅಣ್ಣ ಕೆತ್ತಿದ್ದು ಎಂದೂ, ಎಡ ರೆಕ್ಕೆಯ ತುದಿ ಅವರು ಹೇಳಿದಂತೆ ಇದೆ, ಬಲ ರೆಕ್ಕೆಯ ತುದಿಯನ್ನು ದುರಸ್ತಿಯ ವೇಳೆ ತಪ್ಪೆಂದು ತಿಳಿದು ತೆಗೆಯಲಾಯಿತು ಎಂದೂ ಬರೆದೆ. ‘ತೆಗೆಯಲಾಯಿತು’ ಎಂಬುದನ್ನು ಓದಿ ನೋಡಿದೆ. ಆ ಕಾರ್ಡನ್ನು ಹರಿದು, ಇನ್ನೊಂದರ ಮೇಲೆ ‘ನಾನು ತೆಗೆದೆ’ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ. ಶಾಯಿ ಆರಿದ ಮೇಲೆ ವಿಮಾನದ ಡಬ್ಬಿಯನ್ನು ಎತ್ತಿಕೊಂಡು ತಾಂಬರಂ ರೈಲು ಹತ್ತಿದೆ.